ಫೇಲಾದವರಿಗೆ ಮಾರ್ಕ್ಸ್ ಹಾಕುವವರು

ಕಳೆದ ಶನಿವಾರದಿಂದ ನಮ್ಮ ಗುಂಪಿನ ಇಬ್ಬರು ಗೆಳೆಯರು ಮಾತು ಬಿಟ್ಟಿದ್ದಾರೆ. ಮೂವತ್ತು ವರ್ಷದ ಸ್ನೇಹ. ಒಬ್ಬನ ಮನೆ ಸಾಲಕ್ಕೆ ಇನ್ನೊಬ್ಬ ಜಾಮೀನು ಹಾಕಿದ್ದ. ಇವನ ಮಗಳ ಮದುವೆಯಲ್ಲಿ ಅವನು ಊಟದ ಉಸ್ತುವಾರಿ ಹೊತ್ತು, ಕೊನೆಯ ಪಂಕ್ತಿಯಲ್ಲಿ ಕೂತು, ಪಾಯಸವಿಲ್ಲದೆ ಉಂಡು ಎದ್ದಿದ್ದ. ಈಗಿನ ಜಗಳ ದುಡ್ಡಿನದಲ್ಲ, ರಾಜಕೀಯದ್ದೂ ಅಲ್ಲ. ಮೆಟಾಲಿಕಾ ತಂಡ 1988ರಲ್ಲಿ ಹೊರತಂದ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಕೇಳಿಸುತ್ತದೆಯೋ ಇಲ್ಲವೋ ಎಂಬುದೇ ತಕರಾರು.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಬೇಕು. ಆ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನ ರಸ್ತೆಯೊಂದರಲ್ಲಿ ಬಸ್ಸು ಮಗುಚಿ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಜೇಸನ್ ನ್ಯೂಸ್ಟೆಡ್. ಹೊಸ ಹುಡುಗನ ಬೇಸನ್ನು ಮಿಕ್ಸಿಂಗ್ ಹೊತ್ತಿನಲ್ಲಿ ಎಷ್ಟು ತಗ್ಗಿಸಿದರೆಂದರೆ, ಒಂದು ಗಂಟೆ ಮೀರಿದ ಆ ಆಲ್ಬಮ್ಮಿನಲ್ಲಿ ಅದನ್ನು ಟಾರ್ಚ್ ಹಿಡಿದು ಹುಡುಕಬೇಕು. 2018ರಲ್ಲಿ ಹಳೆಯ ಧ್ವನಿಮುದ್ರಣಕ್ಕೆ ಸುಣ್ಣಬಣ್ಣ ಹೊಡೆದು ಮತ್ತೆ ಬಿಟ್ಟರು. ಬೇಸ್ ಮಾತ್ರ ಇದ್ದಲ್ಲೇ ಇತ್ತು, ಅಂದರೆ ಇಲ್ಲದಲ್ಲೇ.

ಬ್ಯಾಂಕಿನಲ್ಲಿರುವ ನಮ್ಮ ಗೆಳೆಯ ಈ ವಿಷಯದಲ್ಲಿ ಆಸ್ತಿಕ. "ಇದೆ ಕಣೋ, ಕೇಳೋ ಕಿವಿ ಬೇಕು" ಎನ್ನುತ್ತಾನೆ. ಕಾಲೇಜಿನಲ್ಲಿ ಡ್ರಮ್ಸ್ ಬಾರಿಸಿ ಈಗ ಟೈಲ್ಸ್ ವ್ಯಾಪಾರ ಮಾಡುವವನು ನಾಸ್ತಿಕ. ಆಸ್ತಿಕ ಅವತ್ತು ನಲವತ್ತು ಸಾವಿರ ಕೊಟ್ಟ ಹೆಡ್‌ಫೋನ್ ತಂದು, ಅದನ್ನು ಜನಿವಾರ ಹಾಕುವಷ್ಟು ಶ್ರದ್ಧೆಯಿಂದ ನಾಸ್ತಿಕನ ತಲೆಗೆ ತೊಡಿಸಿದ. ನಾಸ್ತಿಕ ಕಣ್ಣು ಮುಚ್ಚಿ ಇಡೀ ಒಂದು ಹಾಡು ಕೇಳಿದ. ತೆಗೆದಿಟ್ಟು ಹೇಳಿದ: "ನನ್ನ ಎದೆಬಡಿತ ಕೇಳಿಸ್ತು. ಅದೇ ನಿನ್ನ ಬೇಸಿಗಿಂತ ಜೋರಾಗಿದೆ." ಅಲ್ಲಿಗೆ ಮುಗಿಯಿತು.

ನಾವು ಐದು ಜನ. ಎಲ್ಲರೂ ಐವತ್ತು ದಾಟಿದವರು. ಜಯನಗರದ ಒಂದು ಮನೆಯ ಮಹಡಿ ಕೋಣೆಯಲ್ಲಿ ಶನಿವಾರ ಸಂಜೆ ಸೇರುತ್ತೇವೆ. ಒಂದು ರೆಕಾರ್ಡ್ ಪ್ಲೇಯರ್, ಇನ್ನೂರು ಚಿಲ್ಲರೆ ಎಲ್ಪಿಗಳು, ಒಂದು ಡಬ್ಬಿ ಕೋಡುಬಳೆ. ಮೊದಲು ರಮ್ ಇರುತ್ತಿತ್ತು, ಈಗ ಗ್ರೀನ್ ಟೀ. ಆ ಮನೆಯ ಯಜಮಾನಿ ನಮ್ಮ ಕೂಟಕ್ಕೆ ಇಟ್ಟಿರುವ ಹೆಸರು 'ವ್ಯಾಲ್ಯುಯೇಷನ್ ಕ್ಯಾಂಪು'. ಗುಂಪಿನಲ್ಲಿ ಒಬ್ಬರು ನಿವೃತ್ತ ಫಿಸಿಕ್ಸ್ ಲೆಕ್ಚರರ್ ಇದ್ದಾರೆ, ಅದಕ್ಕೆ ಹಾಗೆನ್ನುತ್ತಾರೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಅದಕ್ಕಲ್ಲ ಎಂದು ಈಚೆಗೆ ಹೊಳೆಯಿತು.

ಯೋಚಿಸಿ ನೋಡಿ, ಈ ಸಂಗೀತ ಕಟ್ಟಿದವರು ಯಾರು? ಜಾನ್ ಲೆನನ್ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಡುಮ್ಕಿ ಹೊಡೆದವನು. ಬ್ಲ್ಯಾಕ್ ಸಬ್ಬತ್ ತಂಡದ ಓಝಿ ಆಸ್ಬರ್ನ್ ಹದಿನೈದಕ್ಕೆ ಶಾಲೆ ಬಿಟ್ಟು ಕಸಾಯಿಖಾನೆಯಲ್ಲಿ ದುಡಿದ, ಕಳ್ಳತನ ಮಾಡಿ ಜೈಲನ್ನೂ ನೋಡಿಬಂದ. ಅದೇ ತಂಡದ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳಿನ ತುದಿ ಕೊಟ್ಟವನು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತಂತಿಯ ಬಿಗಿ ಸಡಿಲಿಸಿಕೊಂಡ. ಹೆವಿ ಮೆಟಲ್ ಎಂಬ ಆ ಗಡಸು ದನಿಯ ಹಿಂದೆ ಇರುವುದು ಇಂಥ ರಿಪೇರಿ ಕೆಲಸ. ಒಟ್ಟಿನಲ್ಲಿ ಮೇಷ್ಟ್ರ ಕೈಗೆ ಸಿಗದೆ ಕಾಂಪೌಂಡ್ ಹಾರಿದವರ ಸಂಗೀತ ಇದು. ಹಾರಿದವರನ್ನು ಹಿಂಬಾಲಿಸಿ ನಾವೂ ಹೋದೆವು. ಹೋಗುವಾಗ ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡೇ ಹೋದೆವು.

(ಕ್ವೀನ್ ತಂಡದ ಬ್ರಯನ್ ಮೇ ಖಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ್ದಾನಲ್ಲ ಎಂದು ಈಗ ಯಾರೋ ಕೈ ಎತ್ತಿರುತ್ತಾರೆ. ಮಾಡಿದ್ದಾನೆ, 2007ರಲ್ಲಿ. ಅದೇ ಉಸಿರಿನಲ್ಲಿ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ನಮ್ಮ ಪಂಚಗನಿಯಲ್ಲಿ ಎಂದೂ ಹೇಳುತ್ತಾರೆ. ಗೊತ್ತು, ಕೂತ್ಕೊಳ್ಳಿ.)

ಪಿಂಕ್ ಫ್ಲಾಯ್ಡ್ 1979ರಲ್ಲಿ 'ದ ವಾಲ್' ಹೊರತಂದಿತು. ಅದರಲ್ಲಿ ಮೇಷ್ಟ್ರುಗಳ ವಿರುದ್ಧವೇ ಒಂದು ಹಾಡಿದೆ, ಪ್ರಪಂಚಕ್ಕೆಲ್ಲ ಗೊತ್ತಿರುವುದು. ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳು ಕೋರಸ್ಸಿನಲ್ಲಿ ದನಿಗೂಡಿಸಿದ್ದಾರೆ, ಮತ್ತು ಅವರನ್ನು ಹಾಡಲು ಒಯ್ದವರು ಅವರ ಸಂಗೀತದ ಮೇಷ್ಟ್ರೇ. ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮವರು ಅದನ್ನು ಪ್ರಿನ್ಸಿಪಾಲರ ಮುಂದೆಯೇ ಹಾಡಿದರು. ಪ್ರಿನ್ಸಿಪಾಲರು ಮೊದಲ ಸಾಲಿನಲ್ಲಿ ಕೂತು ತಲೆದೂಗಿದರು, ಶಾಲು ಸರಿಪಡಿಸಿಕೊಂಡು ಚಪ್ಪಾಳೆ ತಟ್ಟಿದರು. ಸೋಮವಾರ ಹಾಜರಾತಿ ಕೊರತೆಯವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಹಾಡಿದ ಐದೂ ಜನರ ಹೆಸರು ಅದರಲ್ಲಿತ್ತು. ಐವರೂ ಲಿಖಿತ ಕ್ಷಮಾಪಣೆ ಕೊಟ್ಟರು. ಆ ಐವರಲ್ಲಿ ಒಬ್ಬನೇ ಈಗ ಟೈಲ್ಸ್ ವ್ಯಾಪಾರ ಮಾಡುವ ನಾಸ್ತಿಕ.

ಮಾರ್ಕ್ಸ್ ಹಾಕುವ ಚಟ ನಮ್ಮದಷ್ಟೇ ಅಲ್ಲ, ಮೂಲ ಅಮೆರಿಕದಲ್ಲಿದೆ. ನ್ಯೂಯಾರ್ಕಿನ ರಾಬರ್ಟ್ ಕ್ರಿಸ್ಟ್‌ಗೌ ಎಂಬ ವಿಮರ್ಶಕ 1969ರಿಂದ ಆಲ್ಬಮ್‌ಗಳಿಗೆ ಎ ಪ್ಲಸ್, ಬಿ ಮೈನಸ್ ಎಂದು ಗ್ರೇಡ್ ಹಾಕುತ್ತ ಬಂದ. ತನ್ನನ್ನು ತಾನೇ ಅಮೆರಿಕದ ರಾಕ್ ವಿಮರ್ಶಕರ 'ಡೀನ್' ಎಂದು ಕರೆದುಕೊಂಡ. ತಮಾಷೆಗೆ ಅಂದ ಮಾತು, ಆದರೂ ಹೆಸರು ಅಂಟಿಕೊಂಡಿತು. ಲೂ ರೀಡ್ ಎಂಬ ಗಾಯಕನಿಗೆ ಈ ಗ್ರೇಡುಗಳು ಕಂಡರೆ ಆಗುತ್ತಿರಲಿಲ್ಲ. 1978ರ 'ಟೇಕ್ ನೋ ಪ್ರಿಸನರ್ಸ್' ಎಂಬ ಲೈವ್ ಆಲ್ಬಮ್ಮಿನಲ್ಲಿ, ವೇದಿಕೆಯ ಮೇಲೇ, ಹಾಡು ಬಿಟ್ಟು ಕ್ರಿಸ್ಟ್‌ಗೌನನ್ನು ವಾಚಾಮಗೋಚರ ಬೈದಿದ್ದಾನೆ. ಡೀನರು ಏನು ಮಾಡಿದರು? ಆ ಬೈಗುಳದ ಆಲ್ಬಮ್ಮಿಗೆ ಸಿ ಪ್ಲಸ್ ಕೊಟ್ಟರು. ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದಕ್ಕೆ ಧನ್ಯವಾದ ಎಂದೂ ಬರೆದರು. ಉತ್ತರಪತ್ರಿಕೆಯಲ್ಲಿ ಮೇಷ್ಟ್ರನ್ನೇ ಬೈದು ಬರೆದವನಿಗೆ ಕೈಬರಹ ಚೆನ್ನಾಗಿದೆ ಎಂದು ಪಾಸು ಮಾಡಿದ ಹಾಗೆ! ಈ ಒಂದು ಕಾರಣಕ್ಕೆ ಆ ಮನುಷ್ಯನ ಮೇಲೆ ನನಗೆ ಗೌರವವಿದೆ.

ಆಮೇಲೆ ಬಂದ ಪಿಚ್‌ಫೋರ್ಕ್ ಪತ್ರಿಕೆಗೆ ಗ್ರೇಡು ಸಾಲಲಿಲ್ಲ, ದಶಮಾಂಶ ಬೇಕಾಯಿತು. ಹತ್ತಕ್ಕೆ 7.8, 6.4. ಸಂಗೀತ ಕೇಳಿದವರಿಗೆ 7.8ಕ್ಕೂ 7.9ಕ್ಕೂ ನಡುವೆ ಏನಾಗುತ್ತದೆ ಎಂದು ನಮ್ಮ ಲೆಕ್ಚರರನ್ನು ಕೇಳಿದೆ. "ಸ್ಟೆಪ್ ಮಾರ್ಕ್ಸ್ ಇರಬೇಕು" ಎಂದರು. 2003ರಲ್ಲಿ ಆ ಪತ್ರಿಕೆ ಲಿಜ್ ಫೇರ್ ಎಂಬ ಗಾಯಕಿಯ ಆಲ್ಬಮ್ಮಿಗೆ 0.0 ಕೊಟ್ಟಿತು. ಬರೀ ಸೊನ್ನೆಯಲ್ಲ, ದಶಮಾಂಶ ಸಹಿತ ಸೊನ್ನೆ. 2019ರಲ್ಲಿ ಅದನ್ನು ಬರೆದ ವಿಮರ್ಶಕ ಆಕೆಯ ಕ್ಷಮೆ ಕೇಳಿದ. 2021ರಲ್ಲಿ ಪತ್ರಿಕೆ ತನ್ನ ಹಳೆಯ ಪೇಪರುಗಳನ್ನು ಮರುಮೌಲ್ಯಮಾಪನಕ್ಕೆ ತೆಗೆದುಕೊಂಡಿತು. ಲಿಜ್ ಫೇರ್‌ಗೆ 6.0 ಬಂತು. ಇಂಟರ್‌ಪೋಲ್ ತಂಡದ ಮೊದಲ ಆಲ್ಬಮ್ಮು 9.5ರಿಂದ 7.0ಕ್ಕೆ ಇಳಿಯಿತು. ಮರುಮೌಲ್ಯಮಾಪನಕ್ಕೆ ಅರ್ಜಿಯನ್ನೇ ಹಾಕದ ವಿದ್ಯಾರ್ಥಿಯ ಮಾರ್ಕ್ಸ್ ಕಡಿಮೆ ಮಾಡುವುದು ನಮ್ಮ ಪಿಯು ಇಲಾಖೆಗೂ ಹೊಳೆಯದ ಉಪಾಯ.

ರೋಲಿಂಗ್ ಸ್ಟೋನ್ ಪತ್ರಿಕೆಯದು ರ‍್ಯಾಂಕ್ ಪಟ್ಟಿ. 2003ರಲ್ಲಿ ಸಾರ್ವಕಾಲಿಕ ಐನೂರು ಆಲ್ಬಮ್‌ಗಳನ್ನು ಪಟ್ಟಿ ಮಾಡಿ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪರ್'ಗೆ ಮೊದಲ ರ‍್ಯಾಂಕ್ ಕೊಟ್ಟಿತು. 2020ರ ಪಟ್ಟಿಯಲ್ಲಿ ಅದು 24ನೆಯದು. ಹದಿನೇಳು ವರ್ಷದಲ್ಲಿ ಆ ಆಲ್ಬಮ್ಮಿನ ಒಂದು ಸ್ವರವೂ ಅತ್ತಿತ್ತ ಸರಿದಿರಲಿಲ್ಲ. ಮೊದಲ ರ‍್ಯಾಂಕ್ ಮಾರ್ವಿನ್ ಗೇಗೆ ಹೋಯಿತು. ಆ ಶನಿವಾರ ಮಹಡಿ ಕೋಣೆಯಲ್ಲಿ ಸೂತಕ. "ಅದು ರಾಕೇ ಅಲ್ಲ" ಎಂದು ಬ್ಯಾಂಕಿನವನು ಕೋಡುಬಳೆ ಮುರಿದ. "ಸಿಇಟಿಯಲ್ಲಿ ಬೇರೆ ಬೋರ್ಡಿನ ಹುಡುಗ ರ‍್ಯಾಂಕ್ ಹೊಡೆದ ಹಾಗಾಯ್ತು" ಎಂದು ಲೆಕ್ಚರರು ನಿಟ್ಟುಸಿರಿಟ್ಟರು. ಮಾರ್ವಿನ್ ಗೇಯ ಆಲ್ಬಮ್ಮನ್ನು ನಮ್ಮಲ್ಲಿ ಯಾರೂ ಆ ಹೊತ್ತಿಗೆ ಪೂರ್ತಿ ಕೇಳಿರಲಿಲ್ಲ. ಅದು ಅಭಿಪ್ರಾಯಕ್ಕೆ ಅಡ್ಡಿಯಾಗಲಿಲ್ಲ.

ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮನ್ನು 1970ರಲ್ಲಿ ಇದೇ ರೋಲಿಂಗ್ ಸ್ಟೋನ್‌ನಲ್ಲಿ ಲೆಸ್ಟರ್ ಬ್ಯಾಂಗ್ಸ್ ಎಂಬ ವಿಮರ್ಶಕ ಹರಿದು ಹಾಕಿದ್ದ. ಒಂದೇ ದಿನದಲ್ಲಿ ಹೆಚ್ಚುಕಡಿಮೆ ಮುದ್ರಿಸಿ ಮುಗಿಸಿದ ಆಲ್ಬಮ್ಮು ಅದು. 2017ರಲ್ಲಿ ಅದೇ ಪತ್ರಿಕೆ ನೂರು ಶ್ರೇಷ್ಠ ಮೆಟಲ್ ಆಲ್ಬಮ್‌ಗಳ ಪಟ್ಟಿ ಮಾಡಿ, ಅದೇ ತಂಡದ 'ಪ್ಯಾರನಾಯ್ಡ್' ಅನ್ನು ಮೊದಲ ಸ್ಥಾನದಲ್ಲಿ ಕೂರಿಸಿತು. 2025ರ ಜುಲೈ 5ರಂದು ಓಝಿ ತನ್ನೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಕೊನೆಯ ಬಾರಿ ಹಾಡಿದ, 22ರಂದು ಹೋಗಿಬಿಟ್ಟ. ಮಾರನೇ ದಿನವೇ ನಮ್ಮ ಗುಂಪಿನಲ್ಲಿ ಅವನ ಒಂಟಿ ಆಲ್ಬಮ್‌ಗಳೆಲ್ಲ 'ಅಂಡರ್‌ರೇಟೆಡ್' ಆದವು. ಅವನ್ನು ಇಪ್ಪತ್ತು ವರ್ಷ 'ಓವರ್‌ರೇಟೆಡ್' ಎಂದವರೂ ನಾವೇ.

ಈ ಎರಡು ಪದಗಳು ನಮ್ಮ ಕೋಣೆಯ ಉಪ್ಪು, ಖಾರ. ಎಲ್ಲ ಆಲ್ಬಮ್ಮಿಗೂ ಲೋಕ ಕೊಟ್ಟ ಮಾರ್ಕ್ಸ್ ಒಂದೋ ಹೆಚ್ಚಾಗಿರುತ್ತದೆ, ಇಲ್ಲ ಕಡಿಮೆಯಾಗಿರುತ್ತದೆ. ಯಾವುದಾದರೂ ಆಲ್ಬಮ್ಮಿಗೆ ಸಿಗಬೇಕಾದಷ್ಟೇ ಮರ್ಯಾದೆ ಸಿಕ್ಕಿದೆ ಎಂದು ಮೂವತ್ತು ವರ್ಷದಲ್ಲಿ ಒಬ್ಬರ ಬಾಯಿಂದಲೂ ಕೇಳಿಲ್ಲ. ಇನ್ನೊಂದು ನಿಯಮವೂ ಇದೆ. ತಂಡದ ಮೊದಲ ಮೂರು ಆಲ್ಬಮ್ಮು ಚೆನ್ನ, ಆಮೇಲೆ ಕೆಟ್ಟರು. ಕೆಟ್ಟ ವರ್ಷ ಯಾವುದೆಂದು ನೋಡಿದರೆ, ನಮ್ಮ ಪಕ್ಕದ ಮನೆಯ ಹುಡುಗನಿಗೂ ಅವರ ಹಾಡು ಇಷ್ಟವಾದ ವರ್ಷ.

ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಎಲ್ಪಿಯ ಹೊದಿಕೆಯನ್ನು ನೀವು ಟೀ ಶರ್ಟುಗಳ ಮೇಲಾದರೂ ನೋಡಿರುತ್ತೀರಿ. ಕಪ್ಪು ಹಿನ್ನೆಲೆ, ಪಟ್ಟಕ, ಬೆಳಕು ಒಡೆದು ಬಣ್ಣ. ನಮ್ಮ ಲೆಕ್ಚರರು ಅದನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿ ಅರ್ಧ ಮಾರ್ಕು ಕಳೆದಿದ್ದಾರೆ. ಬಣ್ಣ ಏಳಿರಬೇಕಿತ್ತು, ಆರೇ ಇವೆ. ವಿಬ್‌ಗಯಾರ್‌ನಲ್ಲಿ 'ಐ' ನಾಪತ್ತೆ. ಹೌದು, ಎಣಿಸಿ ನೋಡಿ, ಆರೇ. ಆ ಆಲ್ಬಮ್ಮಿನಲ್ಲಿ ಕ್ಲೇರ್ ಟೋರಿ ಎಂಬ ಹೆಣ್ಣುಮಗಳು ಒಂದೂ ಪದವಿಲ್ಲದೆ, ಬರೀ ಕಂಠದಲ್ಲಿ ಸಾವಿನ ಭಯವನ್ನು ಹಾಡಿದ್ದಾಳೆ. 1973ರಲ್ಲಿ ಅದಕ್ಕೆ ಅವಳಿಗೆ ಕೊಟ್ಟದ್ದು 30 ಪೌಂಡು. ಅವಳು 2004ರಲ್ಲಿ ಕೋರ್ಟಿಗೆ ಹೋದ ಮೇಲೆಯೇ ಹಾಡಿನ ಕರ್ತೃಗಳ ಸಾಲಿಗೆ ಅವಳ ಹೆಸರು ಸೇರಿದ್ದು. ಮಾತಿಲ್ಲದ ಆ ಹಾಡಿನ ಬಗ್ಗೆ ನಾವು ಆಡಿರುವ ಮಾತಿಗೆ ಯಾರಾದರೂ ಮೂವತ್ತು ಪೌಂಡು ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಹೊಸ ಸ್ಪೀಕರ್ ಬರುತ್ತಿತ್ತು. 2023ರಲ್ಲಿ ಆ ತಂಡದಲ್ಲಿದ್ದ ರೋಜರ್ ವಾಟರ್ಸ್ ಹಳೆಯ ಸಂಗಾತಿಗಳನ್ನು ಬಿಟ್ಟು ಅದೇ ಆಲ್ಬಮ್ಮನ್ನು ತಾನೊಬ್ಬನೇ ಮತ್ತೆ ಮಾಡಿದ. ಗಿಟಾರಿನ ಮೆರೆದಾಟ ತೆಗೆದು, ನಡುನಡುವೆ ಮಾತು ಸೇರಿಸಿದ. ದಾಯಾದಿ ಜಗಳದಲ್ಲಿ ಮನೆ ಪಾಲಾದ ಮೇಲೆ ಅಣ್ಣ ಅದೇ ಜಗುಲಿಯಲ್ಲಿ ಹರಿಕಥೆಗೆ ಕೂತಂತೆ ಇದೆ. ಇದು ನನ್ನ ಅಭಿಪ್ರಾಯ. ಚರ್ಚೆಗೆ ಅವಕಾಶವಿಲ್ಲ.

ಮೆಟಾಲಿಕಾದ 2003ರ 'ಸೇಂಟ್ ಆ್ಯಂಗರ್' ಬಗ್ಗೆ ಮಾತ್ರ ಐವರದೂ ಒಂದೇ ಮಾತು. ಅದರ ಸ್ನೇರ್ ಡ್ರಮ್ಮಿನ ಸದ್ದು ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿ ಕೊಳಗ ಬಿದ್ದಂತಿದೆ, ಗಿಟಾರ್ ಸೋಲೊ ಒಂದೂ ಇಲ್ಲ. ಐದು ಜನ ಒಪ್ಪಿದ್ದರಿಂದ ಅದರ ಚರ್ಚೆ ನಾಲ್ಕು ನಿಮಿಷಕ್ಕೆ ಮುಗಿದು, ಸಂಜೆ ಬಿಕೋ ಎಂದಿತು. ಅಂದಿನಿಂದ ಅದನ್ನು ಎತ್ತುವುದಿಲ್ಲ.

ನಮ್ಮ ಗುಂಪಿನಲ್ಲಿ ಸೀನಿಯಾರಿಟಿ ನಿರ್ಧಾರವಾಗುವುದು ಅರಮನೆ ಮೈದಾನದಲ್ಲಿ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿಗೆ ಬಂದಾಗ ಅಲ್ಲಿದ್ದವರು ಮೇಲಿನ ದರ್ಜೆ. 2011ರ ಅಕ್ಟೋಬರ್ 30ರ ಮೆಟಾಲಿಕಾ ಕಛೇರಿಗೆ ಹೋದವರು ಅವರ ಕೆಳಗೆ. ಅದಕ್ಕೆ ಎರಡು ದಿನ ಮೊದಲು ಗುರುಗ್ರಾಮದ ಕಛೇರಿ ರದ್ದಾಗಿ ಜನ ವೇದಿಕೆ ಮುರಿದಿದ್ದರು. "ನಮ್ಮೂರಲ್ಲಿ ಕುರ್ಚಿ ಕೂಡ ಮುರೀಲಿಲ್ಲ ಗುರು" ಎಂದು ಈಗಲೂ ಎದೆ ಉಬ್ಬಿಸುತ್ತೇವೆ. ಬಂಡಾಯದ ಸಂಗೀತ ಕೇಳಲು ಹೋಗಿ ಶಿಸ್ತಿಗೆ ಹೆಮ್ಮೆ ಪಟ್ಟುಕೊಳ್ಳುವುದು ನಮಗೇ ಸಾಧ್ಯ. ಬ್ಯಾಂಕಿನವನು 2007ರ ಟಿಕೆಟ್ಟಿಗೆ ಲ್ಯಾಮಿನೇಷನ್ ಮಾಡಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಮನೆಯ ಕ್ರಯಪತ್ರ ಇರುವ ಫೈಲಿನಲ್ಲೇ ಇಟ್ಟಿದ್ದಾನೆ. ಅದೇ ಮೈದಾನದ ಇನ್ನೊಂದು ಮೂಲೆಯಲ್ಲಿ ಅವನ ಮದುವೆಯ ಆರತಕ್ಷತೆ ನಡೆದಿತ್ತು. ಅದರ ತಾರೀಕು ಕೇಳಿ ನೋಡಿ, ಹೆಂಡತಿಯ ಕಡೆ ತಿರುಗುತ್ತಾನೆ.

ಇಷ್ಟು ಬರೆದ ಮೇಲೆ ನನ್ನ ಉತ್ತರಪತ್ರಿಕೆಯನ್ನೂ ತೋರಿಸಬೇಕು. ನಾನು ಕಲಿತದ್ದು ಕ್ಯಾಸೆಟ್ಟಿನಲ್ಲಿ. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟರೆ ಅಂಗಡಿಯವನು ಒಂದು ಮಗ್ಗುಲಿಗೊಂದರಂತೆ ಎರಡು ಆಲ್ಬಮ್ ತುಂಬಿಸಿ ಕೊಡುತ್ತಿದ್ದ. ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಮೆಟಾಲಿಕಾದ 1984ರ 'ರೈಡ್ ದ ಲೈಟ್ನಿಂಗ್' ನಲವತ್ತೇಳು ನಿಮಿಷ ಚಿಲ್ಲರೆ. ಹಾಗಾಗಿ ಅದರ ಕೊನೆಯ ರಚನೆ, ಹಾಡುಗಾರಿಕೆಯಿಲ್ಲದ ಬರೀ ವಾದ್ಯದ್ದು, ನನ್ನ ಕ್ಯಾಸೆಟ್ಟಿನಲ್ಲಿ ನಡುದಾರಿಯಲ್ಲಿ ಟಕ್ಕೆಂದು ನಿಲ್ಲುತ್ತಿತ್ತು. ಅದು ಟೇಪು ಮುಗಿದದ್ದು ಎಂದು ನನಗೆ ಹೊಳೆಯಲಿಲ್ಲ. ಹಾಗೆ ನಿಲ್ಲಿಸಿದ್ದೇ ಕಲೆ ಎಂದುಕೊಂಡೆ. ಕಾಲೇಜಿನ ಗೋಡೆಪತ್ರಿಕೆಯಲ್ಲಿ 'ಅಪೂರ್ಣತೆಯ ಸೌಂದರ್ಯ' ಎಂದು ಒಂದೂವರೆ ಪುಟ ಬರೆದೆ. ಅಡಿಗರನ್ನೂ ಎಳೆತಂದಿದ್ದೆ. ಕನ್ನಡ ವಿಭಾಗದ ಮೇಷ್ಟ್ರು ಕರೆದು ಬೆನ್ನು ತಟ್ಟಿದರು.

ಅದೇ ತಿಂಗಳು ಬೀಟಲ್ಸ್‌ನ 'ಅಬ್ಬೆ ರೋಡ್' ತುಂಬಿಸಿಕೊಂಡು ಬಂದೆ. ಅದರ ಮೊದಲ ಮಗ್ಗುಲಿನ ಕೊನೆಯ ಹಾಡು ಏಳು ನಿಮಿಷ ಮೀರಿ ಸಾಗಿ, ಏರುತ್ತ ಏರುತ್ತ ಕತ್ತರಿ ಹಾಕಿದಂತೆ ನಿಲ್ಲುತ್ತದೆ. ಅದನ್ನು ಬೇಕೆಂದೇ ಹಾಗೆ ಕತ್ತರಿಸಿದ್ದಾರೆ. 1969ರಿಂದ ಜಗತ್ತು ಅದಕ್ಕೆ ಬೆರಗಾಗಿದೆ. ನಾನು ಕ್ಯಾಸೆಟ್ ಹಿಡಿದುಕೊಂಡು ಅಂಗಡಿಗೆ ಓಡಿ, "ಹಾಡು ಕಟ್ ಆಗಿದೆ, ದುಡ್ಡು ವಾಪಸ್ ಕೊಡಿ" ಎಂದು ಜಗಳ ತೆಗೆದೆ. ಅಂಗಡಿಯವನಿಗೆ ಇಂಗ್ಲಿಷ್ ಹಾಡಿನ ಗೊಡವೆಯೇ ಇರಲಿಲ್ಲ, ಅವನ ಪ್ರೀತಿಯೆಲ್ಲ ಪಿ.ಬಿ. ಶ್ರೀನಿವಾಸ್ ಮೇಲೆ. ಪಾಪ, ಇನ್ನೊಮ್ಮೆ ತುಂಬಿಸಿ ಕೊಟ್ಟ. ಅದೂ ಅಲ್ಲೇ ನಿಂತಿತು. ಆ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಹೀಗೆ ಟೇಪಿನ ದೋಷಕ್ಕೆ ಫಸ್ಟ್ ಕ್ಲಾಸ್, ಕಲೆಗೆ ನಪಾಸು. ಈ ಅರ್ಹತೆಯ ಮೇಲೆಯೇ ನಾನು ಮೂವತ್ತು ವರ್ಷದಿಂದ ಮಹಡಿ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವುದು.

ನನ್ನ ಅಪ್ಪನಿಗೆ ಕರ್ನಾಟಕ ಸಂಗೀತದ ಹುಚ್ಚು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ತಪ್ಪಿಸುತ್ತಿರಲಿಲ್ಲ. ಪಿಟೀಲು ಚೌಡಯ್ಯನವರ ಏಳು ತಂತಿಯ ನಾದವನ್ನು ಎದುರಿಗೆ ಕೂತು ಕೇಳಿದವರು. ನನ್ನ ಟೇಪ್ ರೆಕಾರ್ಡರ್ ಶುರುವಾದರೆ ಅಡುಗೆಮನೆ ಕಡೆ ಮುಖ ಮಾಡಿ "ಮಿಕ್ಸಿ ಆಫ್ ಮಾಡೇ" ಎನ್ನುತ್ತಿದ್ದರು. ಅವರು ಹೋದ ಮೇಲೆ ಬೀರುವಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಸಿಕ್ಕಿತು. ಕೇಳಿದ ಕಛೇರಿಗಳ ಪಟ್ಟಿ: ತಾರೀಕು, ಹಾಡಿದವರು, ಪಕ್ಕವಾದ್ಯ, ಮುಖ್ಯ ರಾಗ. ಕೊನೆಯ ಕಾಲಮ್ಮಿನಲ್ಲಿ ಅಭಿಪ್ರಾಯ. ನಲವತ್ತು ವರ್ಷದ ಆ ಕಾಲಮ್ಮಿನಲ್ಲಿ ಇದ್ದದ್ದು ಎರಡೇ ಪದ. 'ಚೆನ್ನಾಗಿತ್ತು', 'ಸುಮಾರು'. ಒಂದು ಕಡೆ ಮಾತ್ರ 'ಮಳೆ' ಎಂದಿದೆ.

ಅದನ್ನು ಗೆಳೆಯರಿಗೆ ತೋರಿಸಿದೆ. ಲೆಕ್ಚರರು ಪುಟ ತಿರುಗಿಸಿ ನೋಡಿ, "ಮಾರ್ಕಿಂಗ್ ಸ್ಕೀಮ್ ಸರಿಯಿಲ್ಲ" ಎಂದರು.

ಬೇಸ್ ಜಗಳವಾದ ಆ ಸಂಜೆ ನನ್ನ ಮಗಳು ನನ್ನನ್ನು ಕರೆದೊಯ್ಯಲು ಸ್ಕೂಟರ್ ತಂದಿದ್ದಳು. ದ್ವಿತೀಯ ಪಿಯುಸಿ ಹುಡುಗಿ. ಫೋನಿನಲ್ಲಿ ಹಾಡು ಕೇಳುತ್ತಾಳೆ, ಯಾವ ಆಲ್ಬಮ್ಮಿನದು ಎಂದು ಕೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾಳೆ. ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು ವಿಷಯ ಕೇಳಿ ತಿಳಿದುಕೊಂಡಳು. ಆಮೇಲೆ, "ಅದಿರ್ಲಿ ಅಂಕಲ್, ಆ ಆಲ್ಬಮ್ ನಿಮಗೆ ಇಷ್ಟಾನಾ?" ಎಂದಳು.

ಯಾರೂ ಮಾತಾಡಲಿಲ್ಲ. ಲೆಕ್ಚರರು ಕನ್ನಡಕ ಒರೆಸಿದರು. ಬ್ಯಾಂಕಿನವನು ಹೆಡ್‌ಫೋನಿನ ವೈರು ಸುತ್ತತೊಡಗಿದ. "ಔಟ್ ಆಫ್ ಸಿಲಬಸ್" ಎಂದು ಟೈಲ್ಸಿನವನು ಗೊಣಗಿದ.

'ರೈಡ್ ದ ಲೈಟ್ನಿಂಗ್'ನ ಆ ಕೊನೆಯ ಎರಡೂವರೆ ನಿಮಿಷವನ್ನು ನಾನು ಕೇಳಿದ್ದು ಸೀಡಿ ಕೊಂಡ ಮೇಲೆ, ಮೂವತ್ತು ದಾಟಿದ ಮೇಲೆ. ಹತ್ತಕ್ಕೆ 8.7 ಕೊಟ್ಟಿದ್ದೇನೆ. ಉಳಿದ 1.3 ಎಲ್ಲಿ ಕಳೆದೆ ಎಂದು ತಿಳಿಯಬೇಕಾದವರು ಶನಿವಾರ ಸಂಜೆ ಆರಕ್ಕೆ ಬನ್ನಿ. ಎರಡು ಕುರ್ಚಿ ಖಾಲಿ ಇವೆ. ಬರುವಾಗ ಕೋಡುಬಳೆ ತನ್ನಿ.